ಮೂರನೇ ಭಾನುವಾರದ ಟೆಸ್ಟ್ ಡ್ರೈವ್

ಶೋರೂಮಿಗೆ ಹೊಸದಾಗಿ ಬಂದ ಚಿಕ್ಕ ಎಸ್‌ಯುವಿಯಲ್ಲಿ ಹೈಬ್ರಿಡ್ ಮಾರುವ ಹೊಣೆ ಯತೀಶನದು, ಪೆಟ್ರೋಲಿನದು ಲೋಹಿತನದು. ಗಾಡಿ ನೋಡಲೆಂದು ಒಂದು ದಂಪತಿ ಬೆಳೆದ ಮಗಳನ್ನು ಕರೆದುಕೊಂಡು ಬಂದದ್ದು ಇದು ಮೂರನೇ ಭಾನುವಾರ. ಪ್ರತಿ ಸಲವೂ ಲೋಹಿತನ ಜೊತೆ ಒಂದು ಸುತ್ತು, ಯತೀಶನ ಜೊತೆ ಒಂದು ಸುತ್ತು. ಯಾವುದೆಂದು ಮಾತ್ರ ಬಗೆಹರಿದಿರಲಿಲ್ಲ.

ಈ ಒಂದು ಗಾಡಿ ಹೋದರೆ ಯತೀಶನಿಗೆ ಬಡ್ತಿ ಗ್ಯಾರಂಟಿ. ಹಾಗಾಗಿ ಅವನು ಜೀವ ತೇಯ್ದ. ಹುಡುಗಿಯ ಅಪ್ಪ ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿದರೂ ಮುಖ ಸಿಂಡರಿಸಲಿಲ್ಲ. ಡಿಕ್ಕಿ ಎಷ್ಟು ಹಿಡಿಯುತ್ತದೋ ನೋಡೋಣವೆಂದು ಅವರ ಹೆಂಡತಿ ಮಾರ್ಕೆಟ್ಟಿನ ಮುಂದೆ ನಿಲ್ಲಿಸಿದಾಗ ಎರಡು ಚೀಲ ತರಕಾರಿಯನ್ನು ತಾನೇ ಹೊತ್ತು ತಂದ. ದಾರಿಯುದ್ದಕ್ಕೂ ಬಾಯಿಗೆ ಬಿಡುವು ಕೊಡಲಿಲ್ಲ. ಲೋಹಿತನೋ, ಕೇಳಿದ್ದಕ್ಕೆ ಉತ್ತರ ಹೇಳಿ ಸುಮ್ಮನೆ ನಗುವವನು, ಅಷ್ಟೆ.

ವಾಪಸು ಬಂದ ಮೇಲೆ ಅಪ್ಪ, ಅಮ್ಮ, ಮಗಳು ಮೂಲೆಯಲ್ಲಿ ನಿಂತು ಪಿಸುಗುಟ್ಟಿದರು. ಆಮೇಲೆ ಅಪ್ಪ ಯತೀಶನ ಹೆಗಲ ಮೇಲೆ ಕೈಯಿಟ್ಟು ಹೇಳಿದರು.

"ಬೇಜಾರು ಮಾಡ್ಕೋಬೇಡಪ್ಪ. ನಮ್ಮ ಹುಡುಗಿ ಪೆಟ್ರೋಲೇ ಇರ್ಲಿ ಅಂತಿದಾಳೆ."

ಯತೀಶ ಬಿಡಲಿಲ್ಲ. "ಸಾರ್, ಇನ್ನೊಂದ್ಸಲ ಯೋಚ್ನೆ ಮಾಡಿ. ಹೈಬ್ರಿಡ್ ಲೀಟರಿಗೆ ಇಪ್ಪತ್ತೇಳು ಕೊಡುತ್ತೆ. ಬ್ಯಾಟರಿಗೆ ಎಂಟು ವರ್ಷ ವಾರಂಟಿ."

"ಗಾಡಿ ನಮ್ಮನೇಲಿ ಆಗ್ಲೇ ಎರಡಿದೆ ಕಣಪ್ಪ," ಎಂದರು ಹುಡುಗಿಯ ಅಮ್ಮ. "ಲೋಹಿತನ ಜಾತಕ ಯಾರ ಹತ್ರ ಕೇಳ್ಬೇಕು, ಅಷ್ಟು ಹೇಳು."