ಡ್ರೆಸ್ಡೆನ್ ಬಾಯಿಪಾಠ

"ಗೋಡೆ ಮೇಲಿನ ರಾಜರ ಮೆರವಣಿಗೆ. ಟೈಲ್ಸ್ ಎಷ್ಟು?"

"ಇಪ್ಪತ್ತಮೂರು ಸಾವಿರ. ಎಲ್ಲಾ ಪಿಂಗಾಣಿದು. ಉದ್ದ ನೂರಾ ಎರಡು ಮೀಟರ್."

"ದೊಡ್ಡ ಚರ್ಚು?"

"ನಲವತ್ತೈದರಲ್ಲಿ ಬಾಂಬ್ ಬಿದ್ದು ಕುಸೀತು. ಮತ್ತೆ ಕಟ್ಟಿ ಮುಗಿಸಿದ್ದು ಎರಡು ಸಾವಿರದ... ಅಯ್ಯೋ, ಮರ್ತೇ ಹೋಯ್ತಲ್ಲೇ!"

"ಐದು ರೀ, ಎರಡು ಸಾವಿರದ ಐದು! ಬೆಳಿಗ್ಗೆ ತಾನೇ ಸರಿಯಾಗಿ ಹೇಳಿದ್ರಿ," ಎಂದು ವರ್ಷಾ ಗಂಡನ ಕಡೆ ಹಾಳೆ ಚಾಚಿದಳು. ಸಿಂಗಪುರದ ಎಂಆರ್‌ಟಿ ರೈಲು ಬಿಷಾನ್ ಸ್ಟೇಷನ್ ದಾಟಿತ್ತು. ಎದುರು ಸೀಟಿನ ಚೀನೀ ಅಜ್ಜಿ ಇಬ್ಬರನ್ನೂ ಪಾಪ ಎನ್ನುವ ಹಾಗೆ ನೋಡುತ್ತಿದ್ದಳು. ನಲವತ್ತಮೂರು ವರ್ಷದ ಪಟ್ಟಾಭಿರಾಮ ಎಸ್ಸೆಲ್ಸಿ ಹುಡುಗನ ಹಾಗೆ ಬೆವರುತ್ತಿದ್ದ, ಅದೂ ಏಸಿ ರೈಲಿನಲ್ಲಿ.

ಬೆವರದೆ ಇನ್ನೇನು ಮಾಡಿಯಾನು? ಆಂಗ್ ಮೋ ಕಿಯೋದ ಕಂಪನಿ ಅವನನ್ನು ಮನೆಗೆ ಕಳಿಸಿ, ಇಲ್ಲಿ ಕೆಲಸ ಮಾಡಲು ಬೇಕಾದ ವರ್ಕ್ ಪಾಸ್ ರದ್ದಾಗಿ ಹದಿನೆಂಟು ದಿನ. ಪಾಸ್ ಹೋದ ಮೇಲೆ ಈ ದೇಶದಲ್ಲಿರಲು ಕೊಟ್ಟದ್ದೇ ಒಟ್ಟು ಮೂವತ್ತು ದಿನ. ಉಳಿದದ್ದು ಹನ್ನೆರಡು. ಮಗಳು ನಾಲ್ಕನೇ ಕ್ಲಾಸಿನ ನಡುವಿನಲ್ಲಿದ್ದಾಳೆ. ಎಪ್ಪತ್ತು ಕಡೆ ಅರ್ಜಿ ಹಾಕಿದ್ದಕ್ಕೆ ಬಂದದ್ದು ಒಂದೇ ಕರೆ, ಜರ್ಮನಿಯ ಡ್ರೆಸ್ಡೆನ್ನಿನಿಂದ. ಕೊನೆಯ ಇಂಟರ್‌ವ್ಯೂ ಇವತ್ತು, ಇಲ್ಲೇ ಪಾಯಾ ಲೆಬಾರ್‌ನಲ್ಲಿ.

ಹಳೇ ಸಹೋದ್ಯೋಗಿ ವೆಂಕಟೇಶಮೂರ್ತಿ ಮೊದಲೇ ಎಚ್ಚರಿಸಿದ್ದ: "ಕೆಲಸದ ಪ್ರಶ್ನೆ ಎಲ್ಲಾ ಫೋನಲ್ಲೇ ಮುಗೀತಲ್ಲ. ಇಂಟರ್‌ವ್ಯೂಗೆ ಅಂತ ಡ್ರೆಸ್ಡೆನ್ನಿಂದ ಬರೋ ಮೇಡಂ ನೋಡೋದು ನೀನು ಅವರ ಊರಿಗೆ ಹೊಂದ್ಕೊಂಡು ಇರ್ತೀಯಾ ಅಂತ. ಹೋದ ವರ್ಷ ಕರ್ಕೊಂಡು ಹೋದ ಇಬ್ರು ಆರೇ ತಿಂಗಳಿಗೆ ವಾಪಸ್ ಓಡಿ ಬಂದ್ರಂತೆ."

ನಮ್ಮ ಪಟ್ಟಾಭಿ ಅದನ್ನು ಸಿಲಬಸ್ ಎಂದುಕೊಂಡ. ಪರೀಕ್ಷೆ ಅಂದಮೇಲೆ ಗಟ್ಟು ಹೊಡೆಯಬೇಕು, ನಾವು ಕಲಿತದ್ದೇ ಹಾಗೆ. ಹನ್ನೊಂದು ದಿನ ಕೂತು ಆ ರಾಜರ ಊರಿನ ಅರಮನೆ, ಒಪೆರಾ, ಒಡವೆಗಳ ಖಜಾನೆ, ಎಲ್ಲವನ್ನೂ ಇಸವಿ ಸಮೇತ ತಲೆಗೆ ತುಂಬಿಕೊಂಡಿದ್ದ.

"ಗಡಿಬಿಡಿ ಮಾಡ್ಕೋಬೇಡಿ. ಒಳ್ಳೇದಾಗುತ್ತೆ, ಹೋಗಿ ಬನ್ನಿ," ಎಂದು ವರ್ಷಾ ಲಿಫ್ಟಿನ ಮುಂದೆ ಅವನ ಕಾಲರ್ ಸರಿ ಮಾಡಿದಳು.

ಮೇಡಂ ನಗುಮುಖದವರು. "ನಮ್ಮ ಊರಿನ ಬಗ್ಗೆ ಏನಾದ್ರೂ ಗೊತ್ತಾ?" ಎಂದದ್ದೇ ತಡ, ಪಟ್ಟಾಭಿ ಶುರು ಮಾಡಿದ. ರಾಜ, ರಾಜನ ಮಗ, ಗೋಪುರ, ಟೈಲ್ಸು. ಎರಡು ಸಾವಿರದ ಐದು ಕೂಡ ತಡವರಿಸದೆ ಬಂತು. ಅಬ್ಬಾ, ಗೆದ್ದೆ ಅಂದುಕೊಂಡ.

"ನನಗೇ ಇಷ್ಟು ಗೊತ್ತಿಲ್ಲ," ಎಂದು ಮೇಡಂ ನಕ್ಕರು. ಆಮೇಲೆ ಪೆನ್ನು ಎತ್ತಿಕೊಂಡರು. "ಎರಡು ಸಾವಿರದ ಏಳರಿಂದ ಇಲ್ಲೇ ಇದ್ದೀರಿ, ಒಂಬತ್ತು ವರ್ಷ. ಈ ಸಿಂಗಪುರದಲ್ಲಿ ನಿಮಗೆ ಇಷ್ಟವಾದ ಜಾಗ ಯಾವುದು? ಪುಸ್ತಕದಲ್ಲಿ ಇರೋದು ಬೇಡ. ನೀವೇ ಹೋಗಿ ಸುಮ್ನೆ ಕೂತ್ಕೊಳ್ಳೋ ಅಂಥ ಜಾಗ."

ಪಟ್ಟಾಭಿ ಮನಸ್ಸಿನಲ್ಲೇ ಊರೆಲ್ಲ ಹುಡುಕಿದ. ಮ್ಯೂಸಿಯಂ? ಒಳಗೆ ಕಾಲೇ ಇಟ್ಟಿಲ್ಲ. "ಪಿ.ಆರ್. ಸಿಗ್ಲಿ, ಆಮೇಲೆ ನಿಧಾನವಾಗಿ ನೋಡೋಣ" ಎಂದು ವರ್ಷಾಗೆ ಹೇಳುತ್ತಲೇ ಬಂದಿದ್ದ. ಖಾಯಂ ಆಗಿ ಇಲ್ಲೇ ಇರಲು ಕೇಳುವ ಆ ಪಿ.ಆರ್. ಅರ್ಜಿ ಮೂರು ಸಲವೂ ವಾಪಸ್ ಬಂದಿತ್ತು. ಪಾರ್ಕು? ಊರಿಂದ ನೆಂಟರು ಬಂದಾಗ ಅವರನ್ನು ಒಳಗೆ ಕಳಿಸಿ, ತಾನು ಗೇಟಿನ ಹತ್ತಿರ ನಿಂತು ಆಫೀಸಿನ ಮೇಲ್ ನೋಡಿದ್ದ. ಸುಳ್ಳು ಹೇಳೋಣವೆಂದರೂ ಒಂದು ಹೆಸರು ನಾಲಿಗೆಗೆ ಬರಲಿಲ್ಲ. ಹನ್ನೆರಡು ದಿನ, ಹನ್ನೆರಡು ದಿನ ಎಂದು ತಲೆಯೊಳಗೆ ಬಡಿಯುತ್ತಿತ್ತು. ಅವನಿಗೆ ಅಳುವೇ ಬರುವ ಹಾಗಾಯಿತು. ಮೇಡಂ ಪೆನ್ನು ಹಿಡಿದು ಕಾಯುತ್ತಲೇ ಇದ್ದರು.

"ವರ್ಕ್ ಪಾಸ್ ಆಫೀಸು, ಮೇಡಂ," ಎಂದ ಕೊನೆಗೆ. "ಕಿಟಕಿ ಪಕ್ಕದ ಕುರ್ಚಿ. ಅಲ್ಲಿಂದ ನದಿ ಕಾಣುತ್ತೆ, ದೋಣಿಗಳು ಹೋಗ್ತಿರ್ತವೆ. ನಮ್ಮ ಟೋಕನ್ ನಂಬರ್ ಕರೆಯೋ ತನಕ ಯಾರೂ ಎದ್ದು ಹೋಗು ಅನ್ನಲ್ಲ."