ನೊರೆ

ಫ್ರಿಜ್ಜಿನ ತಂಪು ಇಳಿಯಲೆಂದು ನರ್ಸ್ ಮೇಜಿನ ಮೇಲಿಟ್ಟು ಹೋಗಿದ್ದ ಔಷಧಿಯ ಗಾಜಿನ ಬಾಟಲಿಯನ್ನು ಅವನು ಎತ್ತಿಕೊಂಡು ಚೆನ್ನಾಗಿ ಕುಲುಕಿಬಿಟ್ಟ. ಬಣ್ಣದಂಗಡಿಯಲ್ಲಿ ದಿನವಿಡೀ ಡಬ್ಬಿ ಕುಲುಕಿ ಪಳಗಿದ ಕೈ. ತಳದಲ್ಲಿ ಕೂತದ್ದೆಲ್ಲ ಬೆರೆತು ಹೆಂಡತಿಯ ಮೈಗೆ ಪೂರ್ತಿ ಔಷಧಿ ಸೇರಲಿ ಎಂಬ ಕಾಳಜಿ ಬೇರೆ. ನರ್ಸ್ ಒಳಗೆ ಬರುವಷ್ಟರಲ್ಲಿ ಬಾಟಲಿಯ ಕತ್ತಿನವರೆಗೂ ನೊರೆ ಎದ್ದಿತ್ತು.

“ಇದನ್ನ ಅಲ್ಲಾಡಿಸಬಾರದಿತ್ತು,” ಎಂದಳು ನರ್ಸ್, ದನಿ ಏರಿಸದೆ. “ಸಾವಿರಾರು ಜನ ಕೊಟ್ಟ ರಕ್ತದಿಂದ ತೆಗೆದ ಇಮ್ಯುನೊಗ್ಲಾಬ್ಯುಲಿನ್ ಇದು. ಹೀಗೆ ನೊರೆ ಬಂದ್ಮೇಲೆ ಕೊಡೋ ಹಾಗಿಲ್ಲ. ಇನ್ನೊಂದು ತರಿಸೋಕೆ ತಿಂಗಳಾದ್ರೂ ಹಿಡಿಯುತ್ತೆ.”

ಹೆಂಡತಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಚರ್ಮದ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಪಾದದ ಗಂಟಿನ ಸುತ್ತ ಹುಣ್ಣೇಳುವ ಅಪರೂಪದ ಕಾಯಿಲೆ. ಡಾಕ್ಟರು ಅದಕ್ಕೊಂದು ಹೆಸರು ಹೇಳುವವರೆಗೂ, ‘ಕೆರ್ಕೊಂಡು ಕೆರ್ಕೊಂಡು ನೀನೇ ಮಾಡ್ಕೊಂಡಿದ್ದು’ ಎಂದು ಅವನು ಅಂದದ್ದೇ ಅಂದದ್ದು. ಆ ಮಾತು ಕೇಳಿದ ಮೇಲೆ ಅವಳು ಅವನೆದುರು ಕಾಲುಚೀಲ ತೆಗೆದವಳೇ ಅಲ್ಲ. ಇವತ್ತು, ವಾಸಿಯಾಗುತ್ತದೆ ಎಂಬ ಧೈರ್ಯದಲ್ಲಿ, ತಾನಾಗಿಯೇ ತೆಗೆದು ದಿಂಬಿನ ಪಕ್ಕ ಮಡಿಚಿಟ್ಟಿದ್ದಳು.

“ಬೇಜಾರು ಮಾಡ್ಕೋಬೇಡಿ ಸಿಸ್ಟರ್,” ಎಂದಳು ಅವಳು. “ಇವ್ರದ್ದು ಬಣ್ಣ ಕಲಸೋ ಕೆಲಸ. ಡಬ್ಬಿ ಕಂಡ್ರೆ ಕೈ ಸುಮ್ನಿರಲ್ಲ.”

ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಎನಿಸಿತು ಅವನಿಗೆ. ಅಷ್ಟರಲ್ಲಿ ಅವಳು ಮಡಿಚಿಟ್ಟ ಕಾಲುಚೀಲ ಬಿಡಿಸಿ, ತುಟಿ ಕಚ್ಚಿಕೊಂಡು, ಹುಣ್ಣಿನ ಮೇಲೆ ಮೆಲ್ಲಗೆ ಎಳೆದುಕೊಳ್ಳುತ್ತಿದ್ದಳು.