ಏಣಿಯ ಮೇಲಿನ ಇರುವೆ

ಈಗಲೇ ಹೇಳಿಬಿಡಲೇ, ಏಣಿ ಒಳಗೆ ಹೋದ ಮೇಲೆ ಹೇಳಲೇ? ಹಿಂದಿನ ತುದಿಯನ್ನು ಹೆಗಲಿಗೇರಿಸಿ ನಿಂತ ಅವನಿಗೆ ಅದೊಂದೇ ಚಿಂತೆ. ಕಾಲೇಜಿನ ಕೆಲಸ ಬಿಡುತ್ತೇನೆ ಎಂದು ಹೆಂಡತಿಗೆ ಹೇಳಬೇಕು. ನಿನ್ನೆ ಭೌತಶಾಸ್ತ್ರದ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪ್ರಶ್ನೆ ಕೇಳಿದಾಗ ಎಂದಿನಂತೆ "ಅದು ಸಿಲಬಸ್ಸಿನಲ್ಲಿಲ್ಲ" ಎಂದಿದ್ದ. ಸಿಲಬಸ್ಸಿನಲ್ಲಿತ್ತು. ಅವನ ತಲೆಯಲ್ಲಿರಲಿಲ್ಲ.

"ರೀ, ನಿಂತಲ್ಲೇ ನಿದ್ದೆನಾ?" ಮುಂದಿನ ತುದಿಯಿಂದ ಹೆಂಡತಿ ಕೂಗಿದಳು.

ಅವಳದು ನಾಟಕಗಳಿಗೆ ದೀಪ ಕಟ್ಟುವ ಕೆಲಸ. ಅಂಗಳದಿಂದ ರಂಗಕ್ಕೆ ಹೋಗಲು ನಡುವೆ ಒಂದು ಕತ್ತಲೆ ಕೋಣೆ. ಆ ಕೊನೆಗೊಂದು ಬಾಗಿಲು, ಈ ಕೊನೆಗೊಂದು. ತಾಲೀಮು ನಡೆಯುವಾಗ ಎರಡೂ ಒಟ್ಟಿಗೆ ತೆರೆದಿರಕೂಡದು. ಬಿಸಿಲು ರಂಗಕ್ಕೆ ನುಗ್ಗಿದರೆ ನಿರ್ದೇಶಕರು ಊರು ಒಂದು ಮಾಡುತ್ತಿದ್ದರು. ಪೇಚೆಂದರೆ, ಕೋಣೆಗಿಂತ ಏಣಿ ಒಂದು ಮೊಳ ಉದ್ದ. ಹೊರಗುಳಿದ ಬಾಲಕ್ಕೆ ಕರಿ ಪರದೆ ಹೊದಿಸಿ ದಾಟಿಸುವುದು ರೂಢಿ. ಪರದೆ ಇವತ್ತು ಒಗೆಯಲು ಹೋಗಿತ್ತು.

"ಬೆಳಕಿನ ವೇಗದ ಹತ್ತತ್ರ ಓಡಿದ್ರೆ ಏಣಿ ಗಿಡ್ಡ ಆಗುತ್ತೆ," ಅವನ ಬಾಯಿಂದ ಜಾರಿತು. "ಒಂದು ಕ್ಷಣ ಎರಡೂ ಬಾಗಿಲು ಹಾಕಿ ಒಳಗೇ ಕೂಡಿಹಾಕ್ಬಹುದು."

"ಇಷ್ಟು ವರ್ಷ ಹೇಳೇ ಇಲ್ವಲ್ಲ, ಮಹಾರಾಯ!" ಅವಳು ಸೆರಗು ಸಿಕ್ಕಿಸಿಕೊಂಡಳು. ಆಮೇಲೆ ತಡೆದು, "ಅಲ್ಲಾ, ಏಣಿ ಮೇಲೆ ಒಂದು ಇರುವೆ ಕೂತಿದೆ ಅಂದ್ಕೊಳ್ಳಿ. ಅದಕ್ಕೆ ಏಣಿ ಸುಮ್ನೆ ಇದ್ದಂಗೆ, ಕೋಣೆನೇ ಓಡಿ ಬಂದಂಗೆ. ಆಗ ಗಿಡ್ಡ ಆಗ್ಬೇಕಾದ್ದು ಕೋಣೆ ತಾನೆ? ಹಿಡಿಸೋದು ಹೇಗೆ?"

ಹಿಂದಿನ ಬೆಂಚಿನ ಪ್ರಶ್ನೆ, ಚಾಚೂ ತಪ್ಪದೆ! ಅವನು ಅಭ್ಯಾಸಬಲದಿಂದ ಬಾಯಿ ತೆರೆದ. "ಅದು ಸಿಲಬ..."

"ಸಿಲಬಸ್ಸು ಹಾಳಾಗ್ಲಿ, ಓಡ್ರೀ!"

ಓಡಿದರು. ಅವಳು ಮುಂದಿನ ಬಾಗಿಲನ್ನು ಭುಜದಿಂದ ನೂಕಿದಳು, ಅವನು ಹಿಂದಿನದನ್ನು ಹಿಮ್ಮಡಿಯಿಂದ ಒದ್ದು ಮುಚ್ಚಿದ. ಬಿಸಿಲಿನ ಒಂದು ಪಟ್ಟಿ ಇವರಿಗಿಂತ ಮೊದಲೇ ರಂಗಕ್ಕೆ ನುಗ್ಗಿ, ಚಟ್ಟದ ಮೇಲೆ ಸತ್ತು ಮಲಗಿದ್ದ ರಾಜನ ಮುಖಕ್ಕೆ ಹೊಡೆಯಿತು. ರಾಜ ಎದ್ದು ಕೂತು ಕಣ್ಣುಜ್ಜಿಕೊಂಡ.

"ಯಾರ್ರೀ ಅದು, ಎರಡೂ ಬಾಗಿಲು ಒಟ್ಟಿಗೆ ತೆಗೆದಿದ್ದು?" ನಿರ್ದೇಶಕರು ಗುಡುಗಿದರು.

"ಒಟ್ಟಿಗೆ ಅಲ್ಲ ಸಾರ್. ಇವ್ರು ಆ ಬಾಗಿಲು ಹಾಕಿದ ಮೇಲೇ ನಾನು ಈ ಬಾಗಿಲು ತೆಗೆದಿದ್ದು."

"ಏ, ನೀನು ತೆಗೆದು ಆಚೆ ಹೋದ ಮೇಲೆ ಕಣೇ ನಾನು ಹಾಕಿದ್ದು!"

"ನಂಗೆ ಒಟ್ಟಿಗೇ ಕಂಡಿದ್ದಪ್ಪ," ಎಂದಿತು ಹೆಣ.

ಅವನು ಗರ ಬಡಿದವನಂತೆ ನಿಂತ. ತಾನೂ ಸೇರಿ ಆ ಮೂವರಲ್ಲಿ ಇಬ್ಬರಾದರೂ ಖಂಡಿತ ತಪ್ಪು ಹೇಳುತ್ತಿದ್ದರು. ಆದರೆ ಬೆಳಕಿನ ವೇಗದ ಹತ್ತಿರ, ಒಬ್ಬೊಬ್ಬರು ಒಂದೊಂದು ವೇಗದಲ್ಲಿ ಓಡಿದ್ದರೆ ಯಾರೂ ತಪ್ಪಾಗಬೇಕಿರಲಿಲ್ಲ!

"ಇರುವೆ!" ಅವನು ಕಿರುಚಿದ. "ಕೋಣೇಲಿ ನಿಂತವನಿಗೆ ಎರಡೂ ಬಾಗಿಲು ಒಂದೇ ಕ್ಷಣ ಮುಚ್ಚಿರುತ್ತೆ. ಇರುವೆಗೆ ಹಾಗಲ್ಲ! ಮುಂದಿನ ಬಾಗಿಲು ಮೊದಲೇ ಮುಚ್ಚಿ ತೆಗೆದುಕೊಳ್ಳುತ್ತೆ, ಏಣಿ ಮೂತಿ ಆಚೆ ಹೋಗುತ್ತೆ, ಆಮೇಲೆ ಹಿಂದಿನ ಬಾಗಿಲು ಮುಚ್ಚುತ್ತೆ. ಗಿಡ್ಡ ಕೋಣೆಯಾದ್ರೇನು, ತೂರಿ ಹೋಗುತ್ತೆ! ಉದ್ದ ಮಾತ್ರ ಅಲ್ಲ ಕಣೇ, 'ಒಟ್ಟಿಗೆ' ಅನ್ನೋದೂ ಒಬ್ಬೊಬ್ಬರಿಗೆ ಒಂದೊಂದು!"

ಹೆಗಲ ಮೇಲೆ ಏಣಿಯಿರುವುದನ್ನೇ ಮರೆತು ಅವನು ಗಿರ್ರನೆ ತಿರುಗಿದ. ಇನ್ನೊಂದು ತುದಿ ಹಿಡಿದಿದ್ದ ಹೆಂಡತಿ ಜೊತೆಗೇ ಸುತ್ತು ಬಂದಳು. ನಿರ್ದೇಶಕರು ಕುಕ್ಕರಿಸಿದರು. ರಾಜ ಮತ್ತೆ ಚಟ್ಟ ಸೇರಿಕೊಂಡ.

"ಸಾಕು, ನಿಲ್ಲಿಸ್ರೀ, ತಲೆ ಸುತ್ತುತ್ತೆ!" ಅವಳು ನಕ್ಕೂ ನಕ್ಕೂ ಏದುಸಿರು ಬಿಟ್ಟಳು. "ಬೆಳಿಗ್ಗೆಯಿಂದ ಏನೋ ಹೇಳ್ಬೇಕು, ಏನೋ ಹೇಳ್ಬೇಕು ಅಂತಿದ್ರಲ್ಲ, ಏನದು?"

"ಹ್ಞಾಂ, ಅದಾ? ಏಣಿ ಹೊರಗೆ ತಗೊಂಡ್ಹೋಗಿ ಇನ್ನೊಂದ್ಸಲ ಓಡೋಣ."

ಕೆಲಸ ಬಿಡುತ್ತೇನೆ ಎಂದು ಅವನು ಹೇಳಲಿಲ್ಲ.